ಮೂಗಿನ ಕೆಳಗೊಂದು ಅರಳೆ

ನಮ್ಮ ಕಾಕಾನ ಪ್ರಕಾರ ಗದಗ-ಬೆಟಗೇರಿಯಲ್ಲಿ ಸರಿಯಾಗಿ ಉಸಿರಾಡಲು ಬರುವುದು ಇಬ್ಬರಿಗೇ: ಒಂದು ಅವನಿಗೆ, ಇನ್ನೊಂದು ನಮ್ಮ ಮನೆಯ ಎಮ್ಮೆಗೆ! ಉಳಿದವರು ಹೇಗೆ ಬದುಕಿದ್ದೇವೆ? ಅಪ್ಪಿತಪ್ಪಿ ಬದುಕಿದ್ದೇವೆ.

ಹತ್ತಿಯ ಬೀಜ ಬಿಡಿಸುವ ಜಿನ್ನಿನ ಕಾರಕೂನನಾದ ಅವನ ಕಿಸೆಯಲ್ಲಿ ಸದಾ ಒಂದು ಚಿಟಿಕೆ ಅರಳೆ. ಸಿಕ್ಕವರ ಮೂಗಿನ ಕೆಳಗೆ ಅದನ್ನು ಹಿಡಿಯುವುದು, ಎಳೆ ಅಲುಗುವುದನ್ನು ನೋಡಿ ತೀರ್ಪು ಕೊಡುವುದು. ಅಕ್ಕನನ್ನು ನೋಡಲು ಬಂದ ವರನನ್ನೂ ಬಿಡಲಿಲ್ಲ. "ಹುಡುಗಂದು ಮ್ಯಾಲುಸರ ಐತಿ, ಹೆಣ್ಣ ಕೊಡಬ್ಯಾಡ್ರಿ!" ವರ ಹೋದ. ಅರಳೆ ಕಿಸೆಗೆ ಮರಳಿತು.

ಏಕೀಕರಣದ ಸಭೆಯಲ್ಲಂತೂ ಕೇಳಬೇಡಿ. ಚರ್ಚಾಸ್ಪರ್ಧೆಗಳಲ್ಲಿ ಬಹುಮಾನದ ಢಾಲು ಗೆದ್ದ ನಾನು ಮುಷ್ಟಿಯೆತ್ತಿ ಹರಿದ ಕನ್ನಡ ನಾಡನ್ನು ಇನ್ನೇನು ಹೊಲಿಯುವವನಿದ್ದೆ. ಈ ಮಹಾಶಯ ವೇದಿಕೆ ಹತ್ತಿ ನನ್ನ ಮೂಗಿಗೆ ಅರಳೆ ಹಿಡಿದ! "ನಾಡು ಆಮ್ಯಾಲ ಕೂಡಸೀಯಂತ, ಮೊದಲ ಉಸರ ಕೂಡಸ್ಕೊಳ್ಳಲೇ!" ಅಂದಿನ ಚಪ್ಪಾಳೆಯಲ್ಲಿ ನನ್ನ ಪಾಲು ಸೊನ್ನೆ.

ಪರದೇಶದಲ್ಲಿ ರೋಗಿಗಳಿಗೆ ಯಂತ್ರವೇ ಉಸಿರಾಡಿಸುತ್ತದೆಂದು ಎಲ್ಲೋ ಓದಿದ ಮೇಲೆ ಕಾಕಾನ ಹುಚ್ಚಿಗೆ ರೆಕ್ಕೆ ಬಂತು. ಪೂಜಾರಿಕೆಯ ನಮ್ಮ ಮನೆಗೆ, ದೇವರ ಹೂವಿನ ಬುಟ್ಟಿಯಲ್ಲಿ, ಕುರಿಯ ಪುಪ್ಪುಸ ತಂದ! ಅದಕ್ಕೆ ಕಮ್ಮಾರನ ತಿದಿ ಹಚ್ಚಿ ಒತ್ತಿದ. ಉಬ್ಬಿತು, ಇನ್ನೂ ಉಬ್ಬಿತು, ಫಟ್ಟೆಂದು ಅಜ್ಜಿಯ ಮಡಿಸೀರೆಯ ಮೇಲೆ ಒಡೆಯಿತು.

"ನಿನ್ನ ಬಾಯಾಗ ಮಣ್ಣ ಹಾಕ!" ಎಂದು ಅಜ್ಜಿ ಚೀರಿದಳು. ಅವನ ಮುಖದಲ್ಲಿ ಆನಂದ. "ನೋಡಿದೇನಲೇ? ಜೋರ ಊದಿದ್ರ ಒಡೀತೈತಿ. ಸಣ್ಣ ಸಣ್ಣ ಉಸರ ಕೊಡಬೇಕು."

"ಸತ್ತ ಕುರಿಗಿ ಉಸರ ಕೊಟ್ಟು ಏನ ಸಾಧಿಸಿದಿ, ಕಾಕಾ?"

"ಕುರಿಗಲ್ಲಲೇ. ನಿನಗ ತಿಳೀಲಿ ಅಂತ."

ನನಗೆ ತಿಳಿಯುವುದೇನು ಮಣ್ಣು! ಊರ ತುಂಬ ಅಣಕಿಸಿಕೊಂಡು ತಿರುಗಿದೆ.

ಆ ಚಳಿಗಾಲ ಕಾಕಾನೊಡನೆ ಚಕ್ಕಡಿ ಕಟ್ಟಿಕೊಂಡು ಮಾಗಡಿ ಕೆರೆಗೆ ಹಕ್ಕಿ ನೋಡಲು ಹೋದೆವು. ಹತ್ತು ವರ್ಷದ ತಂಗಿ ಕಾಲು ಜಾರಿ ನೀರಿಗೆ ಬಿದ್ದಳು. ಕುರುಬನೊಬ್ಬ ಎತ್ತಿ ತಂದಾಗ ತುಟಿ ನೀಲಿಗಟ್ಟಿತ್ತು. ಕಾಕಾ ಅರಳೆ ಹಿಡಿದ. ಎಳೆ ಅಲುಗಲಿಲ್ಲ.

ಆ ಒಂದು ಸಲ ಅವನು ತೀರ್ಪು ಕೊಡಲಿಲ್ಲ. ಬಾಯಿಗೆ ಬಾಯಿ ಹಚ್ಚಿ ಊದತೊಡಗಿದ. ಶಿರಹಟ್ಟಿಯ ದವಾಖಾನೆಗೆ ಚಕ್ಕಡಿ ಓಡುತ್ತಿತ್ತು, ಅವನು ಊದುತ್ತಿದ್ದ. ದಣಿದು ಕುಸಿದಾಗ ನನ್ನ ಸರದಿ. ಗಾಬರಿಯಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡೆ. ಬೆನ್ನಿಗೆ ಗುದ್ದು ಬಿತ್ತು.

"ಸಣ್ಣದಲೇ! ಕುರೀ ನೆನಪ ಮಾಡ್ಕೊ!"

ಸಣ್ಣದಾಗಿ ಊದಿದೆ. ಅವನು ಎಣಿಸಿದ, ನಾನು ಊದಿದೆ.

ದವಾಖಾನೆಯ ಬಾಗಿಲಲ್ಲಿ ತಂಗಿ ಕೆಮ್ಮಿದಳು, ಆಮೇಲೆ ಅತ್ತಳು. "ಉಳೀತಾಳ್ರಿ" ಎಂದು ಡಾಕ್ಟರು ಒಳಗೆ ಒಯ್ದರು.

ತಿರುಗಿ ನೋಡಿದರೆ ಕಾಕಾ ಪಡಸಾಲೆಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದ್ದ. ಕರೆದೆ. ಉತ್ತರವಿಲ್ಲ. ಆ ಬಡಕಲು ಎದೆ ಏರಿಳಿಯುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅವನ ಕಿಸೆಯ ಅರಳೆ ತೆಗೆದು ಮೂಗಿನ ಕೆಳಗೆ ಹಿಡಿದೆ.

ಎಳೆ ಅಲುಗಿತು.

ಕಣ್ಣು ತೆರೆಯದೆಯೇ ಅವನೆಂದ: "ಕೈ ನಡಗಾಕತ್ತೈತಲೇ. ಗಟ್ಟಿ ಹಿಡಿ."