ನನ್ನ ಮೂಲೆಗೆ ಒಬ್ಬರು ಕಡಿಮೆ

ನನ್ನ ಹೆಂಡತಿ ಡೊರೀನ್ ಬಹಳ ಒಳ್ಳೆಯವಳು. ಇದನ್ನು ಊರೆಲ್ಲ ಹೇಳುತ್ತದೆ, ನಾನೂ ಹೇಳುತ್ತೇನೆ (ಅವಳು ಪಕ್ಕದ ಕೋಣೆಯಲ್ಲೇ ಇದ್ದಾಳೆ). ಆದರೆ ಮದುವೆಯಾಗಿ ನಲವತ್ತು ವರ್ಷ ದಾಟಿದರೂ ಯಾವ ವಾದದಲ್ಲೂ ಒಂದೇ ಒಂದು ಸಲ ನನ್ನ ಪಕ್ಷ ವಹಿಸಿದವಳಲ್ಲ. ಅಧ್ಯಕ್ಷರಲ್ಲಿ ಟ್ರೂಮನ್ ದೊಡ್ಡವರು ಎಂದು ನಾನೆಂದರೆ ಅವಳು ರೂಸ್‌ವೆಲ್ಟ್ ಎನ್ನುತ್ತಾಳೆ. ಹೋಗಲಿ ಎಂದು ನಾನೇ ಸೋತು ರೂಸ್‌ವೆಲ್ಟ್ ಎಂದರೆ, "ಅವರದ್ದೇನು ಬಿಡು, ಊರೂರು ಸುತ್ತಿ ಜನರ ಕಷ್ಟ ಕೇಳ್ಕೊಂಡು ಬಂದವಳು ಅವರ ಹೆಂಡ್ತಿ" ಎನ್ನುತ್ತಾಳೆ. ಒಮಾಹಾದಲ್ಲಿರುವ ಮಗಳು ಜೋಲೀನ್ ಫೋನ್ ಮಾಡಿ "ಅಪ್ಪ ಹೇಗಿದಾರಮ್ಮ?" ಎಂದು ಕೇಳಿದರೆ, "ತಪ್ಪು ತಪ್ಪು ಮಾತಾಡ್ಕೊಂಡು ಆರೋಗ್ಯವಾಗಿದಾರೆ" ಎಂಬ ಉತ್ತರ ಹೋಗುತ್ತದೆ.

ಈಚಿನ ಜಗಳ ನನ್ನ ಏಣಿಯದು. ನಮ್ಮ ಮನೆಯ ಸೂರಿನಂಚಿನಲ್ಲಿ ಮಳೆನೀರು ಹರಿಯುವ ದೋಣಿ ಇದೆ. ಪ್ರತಿ ವರ್ಷ ಶರತ್ಕಾಲದಲ್ಲಿ ಅದರ ತುಂಬ ಮೇಪಲ್ ಎಲೆ. ಏಣಿ ಹಾಕಿ ಹತ್ತಿ ಆ ಎಲೆ ಬಾಚಿ ತೆಗೆಯುವುದು ನನ್ನ ಜನ್ಮಸಿದ್ಧ ಹಕ್ಕು. ಮೂವತ್ತು ವರ್ಷ ಹಳ್ಳಿ ಹಳ್ಳಿಗೆ ಟಪಾಲು ಹಂಚಿದ ಕಾಲುಗಳು ಇವು, ಏಣಿಯ ನಾಲ್ಕು ಮೆಟ್ಟಿಲಿಗೆ ಹೆದರುತ್ತವೆಯೇ? ಕಳೆದ ಅಕ್ಟೋಬರಿನಲ್ಲಿ ನಾನು ಲೈಲಾಕ್ ಪೊದೆಯ ಮೇಲೆ ಬಿದ್ದದ್ದು ನಿಜ. ಆದರೆ ಅದು ಪೊದೆಯ ತಪ್ಪು. ಅಲ್ಲದೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ; ಪಕ್ಕೆಲುಬು ಸ್ವಲ್ಪ ನೋಯುತ್ತಿತ್ತು, ಅಷ್ಟೇ. ಅಂದಿನಿಂದ ಡೊರೀನ್ ಒಂದೇ ಪಲ್ಲವಿ ಹಿಡಿದಳು: "ಆ ಏಣಿ ಈ ಮನೆಯಿಂದ ಹೋಗ್ಬೇಕು." ನಾನೂ ಒಂದೇ ಪಲ್ಲವಿ ಹಿಡಿದೆ: "ಹೋದ್ರೆ ನಾನೂ ಏಣಿನೂ ಒಟ್ಟಿಗೇ ಹೋಗ್ತೀವಿ." ಆ ಮಾತಿಗೆ ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. (ನಾನು ಅದನ್ನು ಗೆಲುವೆಂದೇ ತಿಳಿದಿದ್ದೆ.)

ಇಂಥ ಹೊತ್ತಿನಲ್ಲಿ ನಮ್ಮ ಅಯೋವಾಕ್ಕೆ ಕಾಕಸ್ ಬಂತು. ಬೇರೆ ರಾಜ್ಯಗಳಲ್ಲಿ ಜನ ಪರದೆಯ ಹಿಂದೆ ಹೋಗಿ ಗುಟ್ಟಾಗಿ ಮತ ಹಾಕಿ, ಹೆಂಡತಿಗೆ ಸುಳ್ಳು ಹೇಳಿ ಸುಖವಾಗಿ ಬದುಕುತ್ತಾರೆ. ನಮ್ಮಲ್ಲಿ, ನಮ್ಮ ಪಕ್ಷದಲ್ಲಿ, ಆಗೆಲ್ಲ ಹಾಗಿರಲಿಲ್ಲ. ಅಧ್ಯಕ್ಷ ಪದವಿಗೆ ಯಾರನ್ನು ನಿಲ್ಲಿಸಬೇಕೆಂದು ತೀರ್ಮಾನಿಸಲು ಜನವರಿಯ ಕೊರೆಯುವ ಚಳಿಯಲ್ಲಿ ಶಾಲೆಯ ಕಟ್ಟಡದೊಳಗಿನ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ಸೇರಬೇಕು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಮೂಲೆ. ನಿಮಗೆ ಬೇಕಾದವರ ಮೂಲೆಯಲ್ಲಿ ಊರೆಲ್ಲ ನೋಡುವಂತೆ ನಿಲ್ಲಬೇಕು. ಯಾವ ಮೂಲೆಯಲ್ಲಿ ತಕ್ಕಷ್ಟು ಜನ ಇಲ್ಲವೋ ಆ ಮೂಲೆ ಲೆಕ್ಕಕ್ಕಿಲ್ಲ. ಅಲ್ಲಿನವರು ಬೇರೆ ಮೂಲೆಗೆ ಹೋಗಬೇಕು, ಇಲ್ಲವೇ ಬೇರೆ ಮೂಲೆಯವರನ್ನು ಪುಸಲಾಯಿಸಿ ಎಳೆದು ತರಬೇಕು. ದಂತವೈದ್ಯರು ಎಲ್ಲಿ ನಿಂತರು, ಪಾದ್ರಿಗಳು ಎಲ್ಲಿಂದ ಎಲ್ಲಿಗೆ ಜಾರಿದರು, ಎಲ್ಲವೂ ಬಹಿರಂಗ.

ನನ್ನ ಅಭ್ಯರ್ಥಿ ಒಬ್ಬ ಮಾಜಿ ಗವರ್ನರು. ಶರತ್ಕಾಲದಲ್ಲಿ ನಮ್ಮ ಊರಿನ ಕೆಫೆಗೆ ಬಂದು ನನ್ನ ಪಕ್ಕದಲ್ಲೇ ಕೂತು ಸೇಬಿನ ಪೈ ತಿಂದು, ತಟ್ಟೆಯಲ್ಲಿ ಒಂದು ಚೂರೂ ಬಿಡಲಿಲ್ಲ. ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟು, "ಓರಿನ್, ನಿಮ್ಮಂಥವರ ಮಾತು ಈ ದೇಶ ಕೇಳಬೇಕು" ಎಂದರು. ನಲವತ್ತು ವರ್ಷದಲ್ಲಿ ಮನೆಯಲ್ಲಿ ಯಾರೂ ಹೇಳದ ಮಾತು! ನಾನು ಅಲ್ಲಿಯೇ ಅವರ ಮೂಲೆಯ ನಾಯಕತ್ವ ವಹಿಸಿಕೊಂಡೆ.

ಡೊರೀನಳ ಅಭ್ಯರ್ಥಿ ಮಾತ್ರ ಬೇರೆ, ಒಬ್ಬ ಉದ್ದನೆಯ ಸೆನೇಟರ್. ನಮ್ಮ ಅಡುಗೆಮನೆ ಎರಡು ದೇಶವಾಯಿತು.

ಬೆಳಗಿನ ಕಾಫಿಗೆ ಕೆಫೆಯಲ್ಲಿ ನನ್ನ ಗೆಳೆಯ ಡೆಲ್‌ಬರ್ಟ್‌ನ ಮುಂದೆ ಗೋಳು ತೋಡಿಕೊಂಡೆ. ಡೆಲ್‌ಬರ್ಟ್ ಹಂದಿ ಸಾಕಿ ನಿವೃತ್ತನಾದವನು, ಕೆನಡಿ ಭಕ್ತ.

"ಕೆನಡಿ ಇದ್ದಿದ್ರೆ ಈ ಗತಿ ಬರ್ತಿರ್ಲಿಲ್ಲ ಕಣೋ," ಎಂದ.

"ನನ್ನ ಹೆಂಡ್ತಿ ನನ್ನ ಮಾತು ಕೇಳದೇ ಇರೋದಕ್ಕೂ ಕೆನಡಿಗೂ ಏನೋ ಸಂಬಂಧ?"

"ಆ ಕಾಲದಲ್ಲಿ ನಿನ್ನ ತಲೇಲಿ ಕೂದ್ಲಿತ್ತು. ಹೆಂಗಸರು ಸ್ವಲ್ಪ ಕೇಳ್ತಿದ್ರು."

"ಟ್ರೂಮನ್‌ಗೂ ಕೂದ್ಲು ಕಮ್ಮಿ ಇತ್ತು. ದೇಶ ಆಳ್ಲಿಲ್ವಾ?"

"ದೇಶ ಆಳಿ ಕೊನೆಗೆ ಎಲ್ಲಿಗೆ ಹೋದ್ರು? ಅತ್ತೆ ಮನೆಗೆ. ಅತ್ತೆ ಕಟ್ಟಿಸಿಕೊಟ್ಟಿರೋ ಮನೇಲಿ ಇದ್ದವರಿಗೆ ಎಷ್ಟು ಮಾತಾಡಕ್ಕಾಗತ್ತೆ? ನೀನೂ ಸ್ವಲ್ಪ ತಗ್ಗಿ ನಡಿ. ಬೆಣ್ಣೆ ಹಚ್ಚು."

ಅತ್ತೆ ಕಟ್ಟಿಸಿದರೋ ಮಾವನ ಕಡೆಯವರು ಕಟ್ಟಿಸಿದರೋ ಎಂದು ಅರ್ಧ ಗಂಟೆ ವಾದವಾಯಿತು. ಆದರೆ ಬೆಣ್ಣೆಯ ಸಲಹೆ ನನ್ನ ತಲೆಯಲ್ಲಿ ದೀಪ ಹಚ್ಚಿತು. ಟ್ರೂಮನ್ ಮಹಾಶಯರು ಗೆದ್ದದ್ದು ರೈಲಿನಲ್ಲಿ ಊರೂರು ಸುತ್ತಿ ಜನರನ್ನು ಮಾತಾಡಿಸಿ. ನಾನು ನನ್ನ ಮನೆಯೊಳಗೇ ದಿಗ್ವಿಜಯ ಹೊರಡಬಾರದೇಕೆ? ಮತದಾರರು ಒಬ್ಬರೇ. ಎದುರಾಳಿ ವಾಷಿಂಗ್ಟನ್ನಿನಲ್ಲಿದ್ದಾನೆ. ಪಾತ್ರೆ ತೊಳೆಯಲು ಅವನಂತೂ ಬರುವುದಿಲ್ಲ.

ಅಂದಿನಿಂದ ನಾನು ಪಾತ್ರೆ ತೊಳೆದೆ. ಅಂಗಳದ ಹಿಮ ತೆಗೆದೆ. ಅವಳ ಅಕ್ಕ ಫೋನಿನಲ್ಲಿ ತನ್ನ ಮಂಡಿಯ ಆಪರೇಷನ್ನಿನ ಪುರಾಣ ಹೇಳಿದಾಗ ಮಧ್ಯೆ ಬಾಯಿ ಹಾಕದೆ ಕೇಳಿದೆ. ಒಂದು ದಿನ ನೆಲಮಾಳಿಗೆಯ ಬಲ್ಬ್ ಕೂಡ ಬದಲಾಯಿಸಿದೆ (ಕುರ್ಚಿ ಹತ್ತಿ ಬದಲಾಯಿಸಿದ್ದಕ್ಕೆ ಮಾತ್ರ ಬೈಸಿಕೊಂಡೆ).

"ಓರಿನ್, ನಿನಗೆ ಮೈ ಹುಷಾರಿದೆ ತಾನೇ? ಡಾಕ್ಟರು ನನಗೆ ಹೇಳ್ದೇ ನಿನಗೇನಾದ್ರೂ ಹೇಳಿದಾರಾ?"

"ಪ್ರೀತಿಯಿಂದ ಮಾಡಿದ್ರೂ ಸಂಶಯನಾ?"

"ಪ್ರೀತಿನೋ, ಗವರ್ನರೋ?"

"ಎರಡೂ ಅಂತಿಟ್ಕೋ. ಒಂದೇ ಒಂದು ಸಲ ಡೊರೀನ್, ನನ್ನ ಪಕ್ಕ ಬಂದು ನಿಲ್ಲು. ಅಷ್ಟೇ ನಾನು ಕೇಳೋದು."

ಅವಳು ಬಟ್ಟಲೊರೆಸುತ್ತ "ನೋಡೋಣ" ಎಂದಳು. ಮದುವೆಗೆ ಮುಂಚೆ ನಾನು ಕೇಳಿದಾಗಲೂ ಅವಳು "ನೋಡೋಣ" ಎಂದೇ ಹೇಳಿದ್ದಳು. ಹಾಗಾಗಿ ನಾನು ಅದನ್ನು ಒಪ್ಪಿಗೆಯೆಂದೇ ಬರೆದುಕೊಂಡೆ.

ಕಾಕಸ್ ದಿನ ಸಂಜೆ ಅವಳು ಲಿಂಬೆಯ ಸಿಹಿ ಬಿಲ್ಲೆಗಳನ್ನು ಮಾಡಿದಳು. ಆದರ್ಶ ಪತಿಯಾದ ನಾನು ಆ ದೊಡ್ಡ ತಟ್ಟೆಯನ್ನು ಹಿಮದಲ್ಲಿ ಜಾರದೆ ಶಾಲೆಗೆ ಹೊತ್ತು ತಂದು, "ಎಲ್ಲಿಡಲಿ ಚಿನ್ನ?" ಎಂದು ಕೇಳಿದೆ. ಅವಳು ಬೆರಳು ತೋರಿಸಿದ ಮೇಜಿನ ಮೇಲೆ ಇಟ್ಟೆ. ಇಟ್ಟ ಮೇಲೆ ತಲೆಯೆತ್ತಿ ನೋಡಿದರೆ ಗೋಡೆಯ ಮೇಲೆ ಸೆನೇಟರರ ಚಿತ್ರ! ಎಲ್ಲ ಮೂಲೆಯವರೂ ಜನರನ್ನು ಸೆಳೆಯಲು ತಿಂಡಿ ಇಡುವುದು ನಮ್ಮಲ್ಲಿ ವಾಡಿಕೆ. ನನ್ನ ಮೂಲೆಯಲ್ಲಿದ್ದದ್ದು ಡೆಲ್‌ಬರ್ಟ್ ಅಂಗಡಿಯಿಂದ ತಂದ ಉಪ್ಪು ಬಿಸ್ಕತ್ತು. ಡೊರೀನಳ ಕೈರುಚಿ ಬಲ್ಲ ಜನ ಇರುವೆಗಳಂತೆ ಆ ಮೇಜಿನತ್ತ ಸಾಲು ಹಿಡಿದರು. ನನ್ನ ಸೋಲನ್ನು ನನ್ನ ಕೈಯಾರೆ ಹೊತ್ತು ತಂದು, ಕಾಗದದ ಕರವಸ್ತ್ರ ಸಮೇತ ಬಡಿಸಿದ್ದೆ.

ಸಭೆ ನಡೆಸುತ್ತಿದ್ದವರು ಮಿಸೆಸ್ ಹಾಲ್ವರ್ಸನ್, ನಮ್ಮ ಅರ್ಧ ಊರಿಗೆ ಗಣಿತ ಕಲಿಸಿದ ಮೇಡಮ್ಮು. ತಲೆ ಎಣಿಸಿ, ನನ್ನ ಮೂಲೆಯ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಓರಿನ್ ಅವರೇ, ನಿಮ್ಮ ಮೂಲೆಗೆ ಒಬ್ಬರು ಕಡಿಮೆ."

"ಡೆಲ್‌ಬರ್ಟ್‌ನ ಇಬ್ಬರು ಅಂತ ಲೆಕ್ಕ ಹಾಕಿ ಮೇಡಂ. ಗಾತ್ರ ನೋಡಿ."

"ಎಣಿಸೋದು ತಲೆ, ಹೊಟ್ಟೆ ಅಲ್ಲ. ಇನ್ನೊಬ್ಬರನ್ನ ಕರ್ಕೊಂಡು ಬನ್ನಿ, ಇಲ್ದಿದ್ರೆ ಮೂಲೆ ಖಾಲಿ ಮಾಡಿ."

ಒಬ್ಬರು! ಒಂದೇ ಒಂದು ತಲೆ! ನಾನು ಅಂಗಳದಾಚೆ ನೋಡಿದೆ. ಸೆನೇಟರರ ಮೂಲೆ ಸಂತೆಯಂತೆ ತುಂಬಿತ್ತು. ಅಲ್ಲಿಂದ ಒಬ್ಬರು ಬಂದರೆ ಅವರಿಗೇನೂ ನಷ್ಟವಿಲ್ಲ. ಡೊರೀನ್ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ನಾನು ಕೈ ಬೀಸಿದೆ. ಅವಳೂ ಕೈ ಬೀಸಿದಳು, ಬೀಳ್ಕೊಡುವವರ ಹಾಗೆ. ನಾನು ಕೈಮುಗಿಯುವುದೊಂದು ಬಾಕಿ. ಕೊನೆಗೆ ಅವಳು ತಟ್ಟೆಯನ್ನು ಯಾರ ಕೈಗೋ ಕೊಟ್ಟು, ಹೊಳೆಯುವ ನೆಲದ ಮೇಲೆ ಚಳಿಗಾಲದ ಬೂಟು ಕಿರುಗುಟ್ಟಿಸುತ್ತ ನಡೆದು ಬಂದಳು. ಊರಿಗೆ ಊರೇ ತಿರುಗಿ ನೋಡಿತು. ಅಂಗಳದ ನಡುವಿನ ಗೆರೆಯ ಮೇಲೆ ನಿಂತಳು.

"ಬರ್ತೀನಿ. ಒಂದು ಷರತ್ತು."

"ಹೇಳು, ಹೇಳು. ಒಂದಲ್ಲ, ಹತ್ತು ಹೇಳು."

"ಏಣಿ ನಾಳೆ ಬೆಳಿಗ್ಗೆ ಚರ್ಚಿನ ಹರಾಜಿಗೆ ಹೋಗ್ಬೇಕು. ಸೂರಿನ ಎಲೆ ತೆಗೆಯೋಕೆ ಯಾರನ್ನಾದ್ರೂ ಕರೆಸೋದು."

ನನಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. "ಡೊರೀನ್, ಇದು ದೇಶದ ಪ್ರಶ್ನೆ! ಇದರಲ್ಲಿ ಏಣಿ ಯಾಕೆ ತರ್ತೀಯ?"

"ದೇಶಕ್ಕೆ ಅಧ್ಯಕ್ಷರಾಗೋಕೆ ಗೋಡೆ ತುಂಬ ಜನ ಇದಾರೆ, ನೋಡು. ನನಗೆ ಗಂಡ ಅಂತ ಇರೋದು ನೀನೊಬ್ಬ. ಅವತ್ತು ನಾನು ಅಡುಗೆಮನೆ ಕಿಟಕೀಲಿ ನಿಂತಿದ್ದೆ. ನೀನು ಮೇಲಿಂದ ಕೆಳಗೆ ಹೋಗಿದ್ದು ಕಂಡಿತು. ಶಬ್ದ ಕೇಳಿಸ್ತು. ಬಾಗಿಲು ತೆಗೆದು ಹೊರಗೆ ಬರೋವರೆಗೂ ನೀನು ಬದುಕಿದೀಯೋ ಇಲ್ವೋ ನನಗೆ ಗೊತ್ತಿರ್ಲಿಲ್ಲ ಓರಿನ್. ನೀನು ಪೊದೆ ಒಳಗಿಂದ ನಗ್ತಾ ಇದ್ದೆ."

ಇಷ್ಟು ದಿನ ನಾನು ಅದನ್ನು ಕೆಫೆಯಲ್ಲಿ ತಮಾಷೆಯ ಕಥೆಯಾಗಿ ಹೇಳಿಕೊಂಡು ತಿರುಗಿದ್ದೆ. ಕಿಟಕಿಯೊಳಗೆ ಒಬ್ಬಳು ನಿಂತಿದ್ದಳೆಂಬುದು ನನ್ನ ಕಥೆಯಲ್ಲಿ ಇರಲೇ ಇಲ್ಲ. ನಾಚಿಕೆಯಾಯಿತು, ನಿಜವಾಗಿ.

"ಹೂಂ ಅನ್ನೋ ಮಾರಾಯ!" ಡೆಲ್‌ಬರ್ಟ್ ಹಿಂದಿನಿಂದ ತಿವಿದ. "ಹೊತ್ತು ಮೀರ್ತಾ ಇದೆ."

"ಹೋಗ್ಲಿ ಏಣಿ," ಎಂದೆ. "ನಾಳೆ ಬೆಳಿಗ್ಗೆನೇ."

"ಎಲ್ಲರೂ ಕೇಳಿಸ್ಕೊಂಡ್ರಾ?" ಎಂದಳು ಡೊರೀನ್. ನಾಲ್ಕೂ ಮೂಲೆಗಳಿಂದ "ಕೇಳಿಸ್ಕೊಂಡ್ವಿ!" ಎಂದು ಒಕ್ಕೊರಲಿನ ಉತ್ತರ ಬಂತು. ಆ ಸಂಜೆ ಆ ಸಭೆ ಸರ್ವಾನುಮತದಿಂದ ಒಪ್ಪಿದ್ದು ಅದೊಂದನ್ನೇ. ಅವಳು ಗೆರೆ ದಾಟಿ ನನ್ನ ಪಕ್ಕದಲ್ಲಿ ನಿಂತಳು, ನನ್ನ ತೋಳು ಹಿಡಿದಳು. ನಾನು ಟ್ರೂಮನ್ನಿಗಿಂತ ಒಂದು ಅಂಗುಲ ಎತ್ತರವಾದೆ.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮೂಲೆ ಉಳಿದರೆ ಅದರ ಪರವಾಗಿ ಮಾರ್ಚಿನಲ್ಲಿ ಕೌಂಟಿ, ಅಂದರೆ ಜಿಲ್ಲಾ, ಸಮಾವೇಶಕ್ಕೆ ಒಬ್ಬ ಪ್ರತಿನಿಧಿಯನ್ನು ಕಳಿಸಬೇಕು. ನಾನು ಕೋಟಿನ ಗುಂಡಿ ಹಾಕಿಕೊಂಡು, ವಿನಯಕ್ಕೆ ಒಂದು ಸಲ ಬೇಡವೆನ್ನಲು ಸಿದ್ಧನಾಗಿ ನಿಂತೆ. ಡೆಲ್‌ಬರ್ಟ್ ಕೈಯೆತ್ತಿದ.

"ನಾನು ಡೊರೀನ್ ಹೆಸರು ಹೇಳ್ತೀನಿ."

"ಲೋ ಡೆಲ್‌ಬರ್ಟ್! ಅವಳು ಈ ಮೂಲೆಗೆ ಬಂದು ಐದು ನಿಮಿಷ ಆಗಿಲ್ಲ!"

"ಐದು ನಿಮಿಷದಲ್ಲಿ ನಿನ್ನ ಏಣಿ ಕಿತ್ಕೊಂಡ್ಲು. ಇಂಥವರು ಬೇಕು ಕಣೋ ನಮಗೆ. ಅವಳು ಮಾತಾಡಿದ್ರೆ ಜನ ಸುಮ್ಮನಾಗ್ತಾರೆ. ನೀನು ಮಾತಾಡಿದ್ರೆ ಕಾಫಿ ತರೋಕೆ ಎದ್ದು ಹೋಗ್ತಾರೆ."

ಎಲ್ಲ ಕೈಗಳೂ ಮೇಲೆದ್ದವು. ನನ್ನನ್ನು ಬದಲಿ ಪ್ರತಿನಿಧಿಯೆಂದು ಆರಿಸಿದರು. ಅಂದರೆ ಡೊರೀನ್ ಹಾಸಿಗೆ ಹಿಡಿದರೆ ಮಾತ್ರ ನಾನು ಹೋಗಬಹುದು. ಡೊರೀನಳಿಗೆ ನೆಗಡಿ ಬಂದು ಎಷ್ಟು ವರ್ಷವಾಯಿತೆಂದು ನನಗೆ ನೆನಪಿಲ್ಲ.

ಮರುದಿನ ಏಣಿ ಹೋಯಿತು. ಅದೇ ವಾರ ನನ್ನ ಗವರ್ನರೂ ಹೋದರು. ದುಡ್ಡು ಸಾಲದು, ಬೆಂಬಲ ಸಾಲದು ಎಂದು ಟೀವಿಯಲ್ಲಿ ಬಂದು ಸ್ಪರ್ಧೆಯಿಂದ ಹಿಂದೆ ಸರಿದರು. "ಎಲ್ಲಾ ಕಡೆ ಪೈ ತಿಂದು ತಿಂದು ಸುಸ್ತಾಗಿರ್ಬೇಕು ಪಾಪ," ಎಂದಳು ಡೊರೀನ್. ಅವಳ ಮುಖದಲ್ಲಿ ಆಶ್ಚರ್ಯವಂತೂ ಕಾಣಲಿಲ್ಲ.

ಸಮಾವೇಶದ ಹಿಂದಿನ ದಿನ ಅವಳು ಎರಡು ಸಲ ಸೀನಿದಳು. ಬದಲಿ ಪ್ರತಿನಿಧಿಯ ಭಾಗ್ಯದ ಬಾಗಿಲು ತೆರೆಯಿತೆಂದು ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಈ ಮೂರ್ಖ ಓಡಿಹೋಗಿ ಕೋಳಿ ಸೂಪು ಬಿಸಿಮಾಡಿ, ಜೇನು ಲಿಂಬೆ ಕಲಸಿ, ಅವಳ ಕಾಲಿಗೆ ಉಣ್ಣೆಯ ಚೀಲ ತೊಡಿಸಿದ. ಬೆಳಿಗ್ಗೆ ಅವಳು ಗುಂಡುಕಲ್ಲಿನಂತೆ ಎದ್ದು, ತಲೆ ಬಾಚಿಕೊಂಡು ಸಮಾವೇಶಕ್ಕೆ ಹೋದಳು. ನಾನು ಮನೆಯಲ್ಲಿ ಪಾತ್ರೆ ತೊಳೆದೆ. (ಪ್ರಚಾರ ಮುಗಿದಿದ್ದರೂ ಅಭ್ಯಾಸ ಉಳಿದಿತ್ತು.)

ಮಧ್ಯಾಹ್ನ ಕಳೆದು ಹಿಂದಿರುಗಿದಳು.

"ಏನಾಯ್ತು? ಯಾರ ಕಡೆ ನಿಂತೆ?"

"ನಿನ್ನ ಮನುಷ್ಯ ಇಲ್ವಲ್ಲ. ಇಲ್ಲದವರ ಕಡೆ ಹೇಗೆ ನಿಲ್ಲೋದು? ಸೆನೇಟರ್ ಕಡೆ ಹೋದೆ."

"ಅಂದ್ರೆ ನಾನು ಏಣಿ ಕೊಟ್ಟು ಸಂಪಾದಿಸಿದ ಮತ..."

"ಸೆನೇಟರಿಗೆ ಬಿತ್ತು. ಚೆನ್ನಾಗಿ ಕೆಲಸಕ್ಕೆ ಬಂತು ಕೂಡ. ನನ್ನನ್ನ ರಾಜ್ಯ ಸಮಾವೇಶಕ್ಕೂ ಆರಿಸಿದಾರೆ. ಜೂನಲ್ಲಿ ರಾಜಧಾನಿ ಡೆ ಮೊಯಿನ್‌ಗೆ ಹೋಗ್ಬೇಕು, ಹೋಟೆಲಲ್ಲಿ ಉಳ್ಕೊಳ್ಳೋದು. ಬದಲಿಗೆ ಒಬ್ಬರ ಹೆಸರು ಬೇಕು ಅಂದ್ರು, ನಿನ್ನ ಹೆಸರು ಕೊಟ್ಟೆ."

"ನನ್ನನ್ನಾ? ಸೆನೇಟರ್ ಕಡೆಯಿಂದಾನಾ?"

"ಮತ್ತಿನ್ಯಾರನ್ನ ಕರ್ಕೊಂಡು ಹೋಗ್ಲಿ? ಒಬ್ಬಳೇ ಹೋದ್ರೆ ನನಗೆ ಬೇಜಾರಾಗತ್ತೆ. ಆ ಹೋಟೆಲಲ್ಲಿ ಬೆಳಗಿನ ತಿಂಡಿ ಚೆನ್ನಾಗಿರತ್ತಂತೆ."

ಉತ್ತರ ಕೊಡಬೇಕೆಂದು ಬಾಯಿ ತೆರೆದೆ. ವಿಷಯ ಗಂಭೀರವಾದದ್ದು: ತತ್ವ, ನಿಷ್ಠೆ, ಗವರ್ನರರ ನೆನಪು. ಆದರೆ ನನ್ನ ಬಾಯಿಂದ ಬಂದದ್ದು, "ತಿಂಡಿಗೆ ಬಿಸಿ ಬಿಸಿ ವಾಫಲ್ ಇರತ್ತಾ?" ಎಂಬ ಪ್ರಶ್ನೆ.

ಮರುದಿನ ಬೆಳಿಗ್ಗೆ ಕೆಫೆಯಲ್ಲಿ ಡೆಲ್‌ಬರ್ಟ್ ಎಂದಿನಂತೆ, ಕೆನಡಿ ಇದ್ದಿದ್ದರೆ ಜೋಳದ ಬೆಲೆ ಹೀಗಿರುತ್ತಿರಲಿಲ್ಲ ಎಂದು ಆರಂಭಿಸಿದ. ನಾನು ಬಟ್ಟಲು ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, "ಅದಕ್ಕೆ ನಮ್ಮ ಸೆನೇಟರ್ ಏನು ಹೇಳ್ತಾರೆ ಅಂದ್ರೆ..." ಎಂದೆ.

"ಯಾರ ಸೆನೇಟರ್?" ಎಂದ ಡೆಲ್‌ಬರ್ಟ್.