ಅಣ್ಣನ ತಲೆ, ದೊಡ್ಡಮ್ಮನ ಕೈ

ನನ್ನ ದೊಡ್ಡಮ್ಮನ ಮಗನ ತಲೆಯ ಬಗ್ಗೆ ನನಗೆ ಗೊತ್ತಿರುವಷ್ಟು ನನ್ನ ಸ್ವಂತ ತಲೆಯ ಬಗ್ಗೆ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಆ ಅಣ್ಣ ಬೇರೆ ತಲೆಗಳ ಮಾತೆತ್ತಲು ಬಿಟ್ಟರೆ ತಾನೆ! ಕಾಪುವಿನಲ್ಲಿ ಅವನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಬಲ್ಬು ಕೊಳ್ಳಲು ಹೋದವರು ಅವನ ನೆತ್ತಿಯ ಅಂದಿನ ವರದಿಯನ್ನೂ ಕೇಳಿಕೊಂಡೇ ಹೊರಡಬೇಕು. ಅವನ ಸ್ಕೂಟರಿನ ಎರಡು ಕನ್ನಡಿಗಳಲ್ಲಿ ಒಂದು ಹಿಂದಿನ ರಸ್ತೆಗೆ, ಇನ್ನೊಂದು ಅವನ ಹಣೆಗೆ. ಹಿಂದಿನಿಂದ ಲಾರಿ ಬಂದರೆ ಅವನಿಗೆ ಅರ್ಧ ಮಾತ್ರ ಕಾಣುತ್ತದೆ, ಮುಂದಲೆಯಿಂದ ಒಂದು ಕೂದಲು ಹಿಂದೆ ಸರಿದರೆ ಪೂರ್ತಿ ಕಾಣುತ್ತದೆ.

ಇಂಥವನ ಮನೆಯಲ್ಲಿ ಅವನ ತಲೆಯನ್ನು ನಿಷ್ಪಕ್ಷಪಾತವಾಗಿ ಪರೀಕ್ಷೆ ಮಾಡುತ್ತಿದ್ದವರು ಒಬ್ಬರೇ, ದೊಡ್ಡಮ್ಮ. ಗ್ಲಾಕೋಮಾದಿಂದ ಅವರ ಎರಡೂ ಕಣ್ಣು ಹೋಗಿ ಕೆಲವು ವರ್ಷಗಳಾದವು. ಸಂಜೆ ಅಂಗಡಿ ಮುಚ್ಚಿ ಬಂದ ಅಣ್ಣ ಅವರ ಮಂಚದ ಪಕ್ಕ ನೆಲದಲ್ಲಿ ಕೂರುತ್ತಾನೆ. ಅವರು ಅವನ ದಟ್ಟ ಕೂದಲೊಳಗೆ ಬೆರಳು ಆಡಿಸಿ, "ಬಂದೆಯಾ ಮಗ?" ಎನ್ನುತ್ತಾರೆ. ಆಮೇಲೆಯೇ ಅವನಿಗೆ ಚಾ. ಇದು ಆ ಮನೆಯ ಪದ್ಧತಿ, ಒಂದು ದಿನವೂ ತಪ್ಪಿದ್ದಿಲ್ಲ.

ಹೀಗಿರುವಾಗ ಒಂದು ಮಳೆಗಾಲ ಅಣ್ಣನಿಗೆ ಡೆಂಗ್ಯೂ ಬಂತು. ಆಸ್ಪತ್ರೆಗೆ ಸೇರಿ, ಡ್ರಿಪ್ ಹಾಕಿಸಿಕೊಂಡು, ಗೆದ್ದು ಮನೆಗೂ ಬಂದ. ಎಲ್ಲ ಸರಿಹೋಯಿತು ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟ ಎರಡು ತಿಂಗಳಿಗೆ ಕೂದಲು ಉದುರತೊಡಗಿತು. ಬಾಚಣಿಗೆಯಲ್ಲಿ ಕೂದಲು, ದಿಂಬಿನಲ್ಲಿ ಕೂದಲು, ಒಮ್ಮೆ ಗಿರಾಕಿಗೆ ಕೊಟ್ಟ ಸ್ವಿಚ್ ಬೋರ್ಡಿನಲ್ಲೂ ಕೂದಲು! ಜ್ವರದ ನೆನಪೇ ಇಲ್ಲದ ಅಣ್ಣ ಆರೋಪಿಗಳನ್ನು ಹುಡುಕತೊಡಗಿದ. ಮೊದಲು ಬೋರ್‌ವೆಲ್ ನೀರು ಸಿಕ್ಕಿಬಿತ್ತು. ಆಮೇಲೆ ಹೆಲ್ಮೆಟ್. ಹೆಲ್ಮೆಟ್ ಬಿಟ್ಟು ಉಡುಪಿಗೆ ಹೊರಟವನನ್ನು ಪೊಲೀಸರು ಹಿಡಿದರು.

"ಅಲ್ಲ ಮಾರಾಯ್ರೆ, ನಿಮಗೆ ತಲೆ ಮುಖ್ಯವಾ, ಕೂದಲು ಮುಖ್ಯವಾ?"

"ತಲೆ ಎಲ್ಲರಿಗೂ ಉಂಟಲ್ಲ ಸರ್!" ಎಂದ ಇವನು. ದಂಡ ಕಟ್ಟಿಯೇ ಬಂದ.

ನಂತರ ನೀರುಳ್ಳಿಯ ಸರದಿ. ನೀರುಳ್ಳಿ ರಸ ಹಚ್ಚಿದರೆ ಕೂದಲು ಬರುತ್ತದೆಂದು ಯಾರೋ ವಿಡಿಯೋದಲ್ಲಿ ಹೇಳಿದ್ದರಂತೆ. ಆದಿ ಉಡುಪಿಯ ಮಾರುಕಟ್ಟೆಯಿಂದ ಒಂದು ಗೋಣಿ ನೀರುಳ್ಳಿಯನ್ನೇ ಹೊತ್ತು ತಂದ. ಬೆಳಿಗ್ಗೆ ರಸ ಹಚ್ಚಿಕೊಂಡು ಅಂಗಡಿಯಲ್ಲಿ ಕೂತರೆ ಬಸ್ಸಿಳಿದವರು ಮೂಗರಳಿಸಿಕೊಂಡು ಒಳಗೆ ಬರುತ್ತಿದ್ದರು. "ನೀರುಳ್ಳಿ ಬಜೆ ಬಿಸಿ ಉಂಟಾ?" ಎಂದು ಬಜ್ಜಿ ಕೇಳಿದವರಿಗೆ ಅಣ್ಣ ಫ್ಯೂಸ್ ವಯರ್ ತೋರಿಸಬೇಕಾಯಿತು. ಮೀನಿನ ಉಪ್ಪು ಕೂದಲಿನ ಬೇರಿಗೆ ಆಗುವುದಿಲ್ಲ ಎಂದು ಇನ್ನೊಬ್ಬರು ಹೇಳಿದ್ದೇ ತಡ, ಮೀನು ಬಿಟ್ಟ. ಕಾಪುವಿನಲ್ಲಿ, ಕಡಲಿನ ಮಗ್ಗುಲಲ್ಲಿ ಕೂತು, ಮೀನು ಬಿಟ್ಟ! ಅತ್ತಿಗೆ ಬಂಗುಡೆ ಹುರಿಯುವ ಹೊತ್ತಿಗೆ ಅವನು ಅಂಗಳದಲ್ಲಿ ನಿಂತು ಮೊಳಕೆಕಾಳು ಅಗಿಯುತ್ತಿದ್ದ. ಕೊನೆಗೆ ಸೆಲೂನಿನವನು, "ಸಣ್ಣ ಮಾಡಿಬಿಡುವ, ಬೇರಿಗೆ ಭಾರ ಕಡಿಮೆಯಾಗುತ್ತದೆ" ಎಂದು ಪುಸಲಾಯಿಸಿ, ಉಳಿದದ್ದನ್ನೂ ಚರ್ಮಕ್ಕೆ ತಾಗುವಂತೆ ಕತ್ತರಿಸಿ ಕಳಿಸಿದ.

ಅದೇ ಸಂಜೆ ದೀಪಾವಳಿಗೆಂದು ಕಾರ್ಕಳದ ಭಾವ, ಅಂದರೆ ಅಣ್ಣನ ಅಕ್ಕನ ಗಂಡ, ಬರುವವರಿದ್ದರು. ಭಾವನ ತಲೆಯಲ್ಲಿ ಕಿವಿಗಳ ಸುತ್ತಮುತ್ತ ಬಿಟ್ಟರೆ ಬೇರೆಲ್ಲೂ ಕೂದಲಿಲ್ಲ. ಬಂದಾಗಲೆಲ್ಲ ಅವರು ದೊಡ್ಡಮ್ಮನ ಕಾಲು ಹಿಡಿಯುತ್ತಾರೆ, ದೊಡ್ಡಮ್ಮ ನೆತ್ತಿ ಮುಟ್ಟಿ ಹರಸುತ್ತಾರೆ. ಅಂದು ಭಾವ ಇನ್ನೂ ಕಾರು ನಿಲ್ಲಿಸುತ್ತಿದ್ದರು. ಅಣ್ಣ ಎಂದಿನಂತೆ ಮಾತಿಲ್ಲದೆ ಮಂಚದ ಪಕ್ಕ ಹೋಗಿ ಕೂತ. ದೊಡ್ಡಮ್ಮ ಕೈಯಿಟ್ಟರು. ಇಟ್ಟವರೇ ಸೆರಗು ಸರಿಮಾಡಿಕೊಂಡು, ನೆಟ್ಟಗೆ ಕೂತು, "ಎಂತ ಅಳಿಯಂದಿರೇ, ಯಾವಾಗ ಬಂದದ್ದು? ನೆಲದಲ್ಲಿ ಯಾಕೆ ಕೂತದ್ದು ನೀವು?" ಎಂದರು.

ಹಬ್ಬಕ್ಕೆಂದು ಹೋಗಿದ್ದ ನಾನೂ ಸೇರಿ ಮನೆಯಿಡೀ ನಕ್ಕಿತು. ಅತ್ತಿಗೆ ನಕ್ಕು ನಕ್ಕು ಒಳಗೆ ಓಡಿದರು. ಬಾಗಿಲಲ್ಲಿ ನಿಂತಿದ್ದ ಭಾವ, "ನಮ್ಮ ಸಂಘಕ್ಕೆ ಬಾ ಮಾರಾಯ, ಅಧ್ಯಕ್ಷ ನೀನೇ ಆಗು" ಎಂದರು. ದೊಡ್ಡಮ್ಮ ಕೂಡ ತಪ್ಪು ಗೊತ್ತಾಗಿ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ರಾತ್ರಿಯೇ ನಾನು ಮಣಿಪಾಲದ ಪಕ್ಕದ ಪರ್ಕಳದ ನನ್ನ ಬಾಡಿಗೆ ಮನೆಗೆ ಮರಳಿದ್ದೆ, ಮರುದಿನ ಬೆಳಿಗ್ಗೆ ಅವನ ಫೋನು ಬಂತು. "ಮಣಿಪಾಲದಲ್ಲಿ ಒಳ್ಳೆಯ ಚರ್ಮದ ಡಾಕ್ಟರು ಯಾರು? ಈಗಲೇ ಹೋಗುವ."

ಈಗಲೇ ಎಂದರೆ ಈಗಲೇ! ಡಾಕ್ಟರಮ್ಮನ ಮೇಜಿನ ಮೇಲೆ ಅವನು ಮೊದಲು ಇಟ್ಟದ್ದು ಒಂದು ಹಲ್ವದ ಡಬ್ಬಿ. ಆಕೆ ಹಬ್ಬದ ಸಿಹಿಯೆಂದು ಮುಚ್ಚಳ ತೆಗೆದರು. ಒಳಗೆ ಉದುರಿದ ಕೂದಲು, ವಾರವಾರ ಬೇರೆ ಬೇರೆ ಕಟ್ಟಿಟ್ಟದ್ದು! ಪಾಪ, ಆಕೆ ಬೆಚ್ಚಿದರೂ ಮುಚ್ಚಳ ಮೆಲ್ಲಗೆ ಮುಚ್ಚಿದರು.

"ಇದಕ್ಕೆ ಮೊದಲು ದೊಡ್ಡ ಜ್ವರ ಎಂತಾದರೂ ಬಂದಿತ್ತಾ?"

"ಡೆಂಗ್ಯೂ ಬಂದಿತ್ತು. ಅದು ಹೋಗಿ ಮೂರು ತಿಂಗಳಾಯ್ತಲ್ಲ ಮೇಡಂ."

"ಹಾಗಾದರೆ ಕಳ್ಳ ಸಿಕ್ಕಿದ ಅಲ್ವಾ?" ಎಂದರು ಆಕೆ. ಮೈಗೆ ದೊಡ್ಡ ಪೆಟ್ಟು ಬಿದ್ದಾಗ ಬೆಳೆಯುತ್ತಿರುವ ಕೂದಲು ಬಹಳಷ್ಟು ಒಟ್ಟಿಗೆ ವಿಶ್ರಾಂತಿಗೆ ಹೋಗುತ್ತದಂತೆ. ಎರಡು ಮೂರು ತಿಂಗಳ ಮೇಲೆ ಒಟ್ಟಿಗೆ ಉದುರುತ್ತದಂತೆ. ಬೇರು ಸತ್ತಿರುವುದಿಲ್ಲ, ತಾನಾಗಿ ಮತ್ತೆ ಬರುತ್ತದೆ. ಆದರೂ ರಕ್ತ ನೋಡಿಯೇಬಿಡುವ ಎಂದು ಥೈರಾಯ್ಡ್, ಕಬ್ಬಿಣಾಂಶ, ವಿಟಮಿನ್ ಎಲ್ಲ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಸರಿಯಿತ್ತು. ಕಬ್ಬಿಣಾಂಶ ತಳ ಮುಟ್ಟಿತ್ತು. ಜ್ವರದಿಂದ ಎದ್ದವನು ಮೀನೂ ಬಿಟ್ಟು ಅರೆಹೊಟ್ಟೆಯಲ್ಲಿದ್ದರೆ ಇನ್ನೇನಾದೀತು? "ಮೊದಲು ಮನೆಗೆ ಹೋಗಿ ಸರಿಯಾಗಿ ಊಟ ಮಾಡಿ" ಎಂಬುದು ಮೊದಲ ಚಿಕಿತ್ಸೆ. ಆ ವಿಷಯ ತಿಳಿದ ಅತ್ತಿಗೆ ಡಾಕ್ಟರಮ್ಮನಿಗೆ ಮನೆಯಿಂದಲೇ ಕೈಮುಗಿದರು.

"ಮುಂದಲೆ ಹಿಂದೆ ಸರಿದದ್ದು ಬೇರೆ ಲೆಕ್ಕ" ಎಂದರು ಡಾಕ್ಟರಮ್ಮ. "ಅದು ವಂಶದಲ್ಲಿ ಬಂದದ್ದು. ಅದಕ್ಕೆ ಹಚ್ಚುವ ಔಷಧಿ ಉಂಟು, ಬಿಡದೆ ಹಚ್ಚಬೇಕು. ನಿಮ್ಮದೇ ರಕ್ತ ತೆಗೆದು, ಅದರ ಒಂದು ಅಂಶವನ್ನು ತಲೆಗೆ ಚುಚ್ಚುವ ಕ್ರಮವೂ ಉಂಟು."

"ನನ್ನ ರಕ್ತವನ್ನು ನನ್ನ ತಲೆಗೇ ಹಾಕಲು ನಾನೇ ದುಡ್ಡು ಕೊಡುವುದಾ?"

"ಮತ್ತೆ ಕೂದಲು ನೆಡುವುದೂ ಉಂಟು. ಹಿಂದಲೆಯಿಂದ ತೆಗೆದು ಮುಂದೆ."

"ನೇಜಿಯ ಹಾಗೆ?" ಗದ್ದೆಯ ಭತ್ತದ ಸಸಿ ನೆನಪಾಗಿ ಅಣ್ಣನ ಮುಖ ಅರಳಿತು. ಈಗ ಅದೆಲ್ಲ ಬೇಡವೆಂದು ಹಚ್ಚುವ ಬಾಟಲಿ ಬರೆದು ಕಳಿಸಿದರು. ಮೊದಮೊದಲು ಇನ್ನೂ ಸ್ವಲ್ಪ ಜಾಸ್ತಿ ಉದುರಬಹುದು, ಹೆದರಬೇಡಿ ಎಂದೂ ಹೇಳಿದ್ದರು. ಅಣ್ಣ ಅದನ್ನು ಕೇಳಿಸಿಕೊಂಡಿರಲಿಲ್ಲ, ನೇಜಿಯಲ್ಲೇ ಇದ್ದ. ಮುಂದಿನ ತಿಂಗಳಿಡೀ ಉದುರಿದ ಒಂದೊಂದು ಕೂದಲಿಗೂ ನನಗೆ ಫೋನು ಬಂತು!

ಕೂದಲು ಮರಳಿದ್ದನ್ನು ಮೊದಲು ಕಂಡುಹಿಡಿದದ್ದು ದೊಡ್ಡಮ್ಮನ ಕೈ. "ಇಲ್ಲಿ ಎಂತದೋ ಮೆತ್ತಗೆ ಉಂಟು ಮಗ" ಎಂದರು ಒಂದು ಸಂಜೆ. ಅಣ್ಣ ಕನ್ನಡಿಯ ಕಡೆ ಓಡಿದ. ಕೆಲವು ತಿಂಗಳಲ್ಲಿ ಬೆರಳು ಹುದುಗುವಷ್ಟು ತುಂಬಿಕೊಂಡಿತು. ಅತ್ತಿಗೆ ಪಾಯಸ ಮಾಡಿದರು. ಪಾಯಸ ಮುಗಿದ ಮೇಲೆ ದೊಡ್ಡಮ್ಮ ಸಮಾಧಾನವಾಗಿ ಹೇಳಿದರು, "ಇನ್ನು ಹರಕೆ ತೀರಿಸಿ ಬಾ. ನಿನ್ನ ಕೂದಲು ಬಂದರೆ ತಿರುಪತಿಗೆ ನಿನ್ನ ಮುಡಿ ಕೊಡಿಸುತ್ತೇನೆ ಅಂತ ಹೇಳಿಕೊಂಡಿದ್ದೆ."

ಅಣ್ಣನ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ಕೂದಲು ಬಂದರೆ ಕೂದಲನ್ನೇ ಕೊಡುತ್ತೇನೆಂದು ಹರಕೆ ಹೊತ್ತ ತಾಯಿ ಲೋಕದಲ್ಲಿ ಬೇರೆ ಯಾರಿದ್ದಾರೆ?

"ಅಮ್ಮ, ಕೂದಲು ಬರಿಸಿದ್ದು ಡಾಕ್ಟರು!"

"ಡಾಕ್ಟರಿಗೆ ಫೀಸು ಕೊಟ್ಟಾಯ್ತಲ್ಲ. ದೇವರದ್ದು ಹಾಗೇ ಉಂಟು."

ಅಣ್ಣ ಮತ್ತೆ ಮಣಿಪಾಲಕ್ಕೆ ಓಡಿದ. ತಲೆ ಬೋಳಿಸಬಾರದೆಂದು ಒಂದು ಸರ್ಟಿಫಿಕೇಟ್ ಬೇಕಿತ್ತು. ಯಾರಿಗೆ ತೋರಿಸಲು ಎಂದು ಡಾಕ್ಟರಮ್ಮ ಕೇಳಿದರೆ ಮೇಲೆ ನೋಡಿದ. ಆಕೆ ನಕ್ಕು, "ಬೋಳಿಸಿದರೆ ಬೇರಿಗೆ ಎಂತದೂ ಆಗುವುದಿಲ್ಲ. ಇದ್ದ ಹಾಗೇ ಮತ್ತೆ ಬರುತ್ತದೆ. ಸುಳ್ಳು ಸರ್ಟಿಫಿಕೇಟ್ ದೇವರಿಗಾದರೂ ಕೊಡಲಿಕ್ಕಾಗುವುದಿಲ್ಲ" ಎಂದರು.

ದೊಡ್ಡಮ್ಮನಿಗೆ ಅಷ್ಟು ದೂರದ ಪ್ರಯಾಣ ಆಗದು. ಅಣ್ಣನ ಜೊತೆ ನಾನು ಹೊರಟೆ. ದಾರಿಯುದ್ದಕ್ಕೂ ಅವನನ್ನು ಗೇಲಿ ಮಾಡಿದೆ. ಮುಡಿ ಕೊಡುವ ಸಾಲಿನಲ್ಲಿ ನಿಂತಾಗಲೂ, "ಕೊನೆಯದಾಗಿ ಒಂದು ಫೋಟೋ ತೆಗೆಯಲಾ?" ಎಂದೆ. ಅವನು ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ.

"ಅಮ್ಮ ಮತ್ತೆ ನನ್ನನ್ನು ಅಳಿಯಂದಿರೇ ಅಂದರೆ?" ಎಂದ. "ನನ್ನ ಮುಖ ಅಮ್ಮನಿಗೆ ಕಾಣುವುದಿಲ್ಲ ಮಾರಾಯ. ಇದೊಂದೇ ಗುರುತು ಇದ್ದದ್ದು. ಅವತ್ತು ಕೈ ತೆಗೆದು ಸೆರಗು ಸರಿಮಾಡಿಕೊಂಡರಲ್ಲ, ಪರರ ಮುಂದೆ ಮಾಡುವ ಹಾಗೆ. ನೀವೆಲ್ಲ ನಕ್ಕಿರಿ."

ನಾನು ಫೋನನ್ನು ಜೇಬಿಗೆ ಹಾಕಿದೆ. ಇಷ್ಟು ದಿನ ನಾನು ಇವನ ಕೂದಲನ್ನೇ ನೋಡಿದ್ದೆ, ಇವನನ್ನು ನೋಡಿರಲಿಲ್ಲ. ಅವನು ಒಳಗೆ ಹೋಗಿ ತಲೆ ಬಗ್ಗಿಸಿ ಕೂತ.

ನಾವು ಕಾಪುವಿಗೆ ಮರಳಿದಾಗ ಸಂಜೆಯಾಗಿತ್ತು. ಪ್ರಸಾದಕ್ಕೆಂದು ಕಾರ್ಕಳದ ಭಾವನೂ ಬಂದಿದ್ದರು. ಏನೋ ತಮಾಷೆ ಹೇಳಲು ಬಾಯಿ ತೆರೆದವರು ಅಣ್ಣನ ಮುಖ ನೋಡಿ ಪ್ರಸಾದದ ಚೀಲಕ್ಕೆ ಕೈ ಚಾಚಿದರು. ಅಣ್ಣ ಕಾಲು ತೊಳೆದು ಬಂದು ಮಂಚದ ಪಕ್ಕ ಕೂತ. "ನಾನು" ಎಂದು ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. ಹೇಳಬಾರದೆಂದೇ ತುಟಿ ಬಿಗಿದುಕೊಂಡಿದ್ದ.

ದೊಡ್ಡಮ್ಮನ ಕೈ ಬಂತು. ನುಣ್ಣಗಿನ ನೆತ್ತಿಯ ಮೇಲೆ ನಿಂತಿತು. ಅಡುಗೆಮನೆಯ ಬಾಗಿಲಿಗೆ ಅತ್ತಿಗೆ ಸೌಟು ಹಿಡಿದೇ ಬಂದು ನಿಂತರು. ಆಮೇಲೆ ಇನ್ನೊಂದು ಕೈಯೂ ಬಂತು. ಎರಡೂ ಕೈಗಳು ಕಿವಿಯ ಮೇಲಿಂದ ಹಾದು, ಮೆಲ್ಲಗೆ ಹಿಂದಲೆಗೆ ಇಳಿದು, ಅಲ್ಲೊಂದು ಕಡೆ ನಿಂತವು.

"ಹುಟ್ಟಿದಾಗ ಈ ತಲೆ ತೆಂಗಿನಕಾಯಿಯ ಹಾಗೆ ಉದ್ದಕ್ಕೆ ಇತ್ತು" ಎಂದರು ದೊಡ್ಡಮ್ಮ. "ಬಾಣಂತಿ ಕೋಣೆಯಲ್ಲಿ ದಿನಾ ಎಣ್ಣೆ ಹಾಕಿ, ಒತ್ತಿ ಒತ್ತಿ ಉರುಟು ಮಾಡಿದ್ದು ನಾನು. ಇಲ್ಲಿ ಮಾತ್ರ ಸ್ವಲ್ಪ ಚಪ್ಪಟೆ ಉಳಿದುಬಿಟ್ಟಿತು. ಕೂದಲು ಬಂದ ಮೇಲೆ ಕೈಗೆ ಸಿಕ್ಕಿಯೇ ಇರಲಿಲ್ಲ. ಬಂದೆಯಾ ಮಗ?"

ಅಣ್ಣ ತಲೆಯನ್ನು ಅವರ ಮಡಿಲಿಗೆ ಇಟ್ಟ. ದೊಡ್ಡಮ್ಮ ಕೈ ತೆಗೆಯದೆ ನಮ್ಮ ಕಡೆ ತಿರುಗಿದರು.

"ಯಾರಾದರೂ ಸ್ವಲ್ಪ ತೆಂಗಿನೆಣ್ಣೆ ತನ್ನಿ. ಈ ಚಪ್ಪಟೆ ಒಂದು ಸರಿಯಾಗುತ್ತದಾ ನೋಡುವ."