ನನ್ನ ಸಿಗರೇಟು, ಮಾವನ ಗ್ಲಾಸು

ನನ್ನ ಸೋದರಮಾವನ ಮೂಗನ್ನು ಪೊಲೀಸರು ಇನ್ನೂ ಯಾಕೆ ಕೆಲಸಕ್ಕೆ ಸೇರಿಸಿಕೊಂಡಿಲ್ಲವೋ! ಕೂಟಗಲ್ ಹತ್ತಿರ ರೇಷ್ಮೆಹುಳು ಸಾಕುವ ಈ ಮಹಾಶಯರು ಯಾರೇ ಬರಲಿ, ಬಾಗಿಲಲ್ಲೇ ಬಾಯಿ ಮೂಸಿ ನೋಡಿ ಹುಳುಮನೆಗೆ ಬಿಡುವುದು. ಹೊಗೆಸೊಪ್ಪಿನ ಗಾಳಿ ತಾಗಿದರೆ ಹುಳುಗಳು ಸಾಯುತ್ತವಲ್ಲ! ಒಮ್ಮೆ ಹುಳುಮನೆ ಪೂಜೆಗೆ ಬಂದ ಪುರೋಹಿತರಿಗೂ, "ಸ್ವಾಮಿ, ಒಸಿ ಬಾಯಿ ಬುಡಿ" ಎಂದುಬಿಟ್ಟರು. ಪುರೋಹಿತರು ಪೂಜೆಯನ್ನು ಅಂಗಳದಲ್ಲೇ ಮುಗಿಸಿದರು. ಯಾಕೆಂದು ಯಾರೂ ಕೇಳಲಿಲ್ಲ.

ಹಾಗಂತ ಮಾವ ಸನ್ಯಾಸಿಯೇನಲ್ಲ. ಬೀಡಿ ಮುಟ್ಟದಿದ್ದರೂ ಭಾನುವಾರ ನಾಟಿಕೋಳಿ ಸಾರಿನ ಜೊತೆ ಎರಡು ಪೆಗ್ ಬೇಕೇ ಬೇಕು. ಕಂಪನಿಗೆ ನಾನು. ನನಗೋ, ಗ್ಲಾಸು ಹಿಡಿದರೆ ಸಿಗರೇಟೂ ಬೇಕು!

ಹೋದ ವರ್ಷ ನನಗೆ ಹೃದಯಾಘಾತವಾಯಿತು. ಸ್ಟೆಂಟ್ ಹಾಕಿದ ಡಾಕ್ಟರು, "ಸಿಗರೇಟು ಬಿಡದಿದ್ದರೆ ಉಳಿಯೋದು ಕಷ್ಟ. ಕುಡಿತವೂ ಬೇಡ. ಮೆದುಳಿನಲ್ಲಿ ನಿಕೋಟಿನ್ ತಟ್ಟುವ ಪುಟ್ಟ ಪುಟ್ಟ ಬಾಗಿಲುಗಳಿವೆ. ಮದ್ಯ ಆ ಬಾಗಿಲುಗಳನ್ನೇ ಸಡಿಲ ಮಾಡುತ್ತೆ. ಆಗ ಸಿಗರೇಟಿನ ಆಸೆ ದುಪ್ಪಟ್ಟಾಗುತ್ತೆ" ಎಂದರು.

ಮಾವ ಬಹಳ ಗಂಭೀರವಾಗಿ, "ಡಾಕ್ಟ್ರೇ, ಆ ಬಾಗ್ಲಿಗೆ ಒಂದು ಬೀಗ ಜಡಿಯಕ್ಕಾಗಕ್ಕಿಲ್ವಾ?" ಎಂದು ಕೇಳಿದರು.

"ಅದನ್ನ ನಿಮ್ಮ ಅಳಿಯನೇ ಹಾಕ್ಕೋಬೇಕು!"

ಹಾಕಿಕೊಂಡೆ, ಮೂರು ತಿಂಗಳು. ಚನ್ನಪಟ್ಟಣದ ಒಂದು ಬೀಗರೂಟದಲ್ಲಿ ಮಾವ ಗ್ಲಾಸು ಎತ್ತಿದ್ದು ನೋಡಿ, ಒಂದೇ ಒಂದು ಅಂದುಕೊಂಡೆ. ಎರಡಾಯಿತು. ಆಮೇಲೆ ನನ್ನ ಕಾಲುಗಳು ತಾವಾಗಿಯೇ ಶಾಮಿಯಾನದ ಹಿಂದಕ್ಕೆ ಹೋದವು! ಸಿಗರೇಟು ಅರ್ಧ ಮುಗಿಯುವಷ್ಟರಲ್ಲಿ ಎದುರಿಗೆ ಮಾವ. ಒಮ್ಮೆ ಮೂಸಿ ನೋಡಿ, ಬಂದ ದಾರಿಯಲ್ಲೇ ತಿರುಗಿ ಹೋದರು.

ಮುಂದಿನ ಭಾನುವಾರ ಕೋಳಿ ಸಾರಿನ ಪಕ್ಕದಲ್ಲಿ ಮಜ್ಜಿಗೆ!

"ಇದೇನ್ ಮಾವ?"

"ಹುಳ ಜ್ವರಕ್ಕೆ ಕೂತವೆ ಕಣ್ಲಾ. ಈಗ ಕುಡೀಬಾರ್ದು."

ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳು ಗೂಡು ಕಟ್ಟಿ, ಗೂಡು ರಾಮನಗರದ ಮಾರುಕಟ್ಟೆಗೂ ಹೋಯಿತು. ಮಾವನ ಮಜ್ಜಿಗೆ ಮಾತ್ರ ನಿಲ್ಲಲಿಲ್ಲ. "ಹುಳುಗಳೇ ಇಲ್ಲ, ಇನ್ನು ಜ್ವರ ಯಾರಿಗೆ?" ಎಂದು ಎಲ್ಲರೆದುರು ಆಡಿಕೊಂಡು ನಕ್ಕೆ.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ನಗಬ್ಯಾಡ ಕಣಪ್ಪಾ. ನಾನು ಕುಡುದ್ರೆ ಅವನೂ ಕುಡೀತಾನೆ, ಕುಡುದ್ರೆ ಸೇದ್ತಾನೆ ಅಂತ ನಿಮ್ ಮಾವ ಪೂರ್ತಿ ಬುಟ್ಬುಟ್ಟವ್ರೆ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹೊರಗೆ ಬಂದು, "ನನಗೋಸ್ಕರ ಯಾಕ್ ಮಾವ?" ಎಂದೆ.

ಮಾವ ಕಚ್ಚುತ್ತಿದ್ದ ಮೂಳೆಯನ್ನು ತಟ್ಟೆಯಲ್ಲಿಟ್ಟರು.

"ಅವತ್ತು ನಿನ್ನ ಎತ್ತಿ ಹೆಗಲ್ ಮ್ಯಾಲೆ ಹಾಕ್ಕೊಂಡು ಆಸ್ಪತ್ರೆ ಮೆಟ್ಲು ಹತ್ತಿದೋನು ನಾನು ಕಣ್ಲಾ. ಇನ್ನೊಂದ್ಸಲ ನನ್ ಕೈಲಾಗಕ್ಕಿಲ್ಲ."

ಅವರ ಎಂಜಲು ಕೈಯನ್ನೇ ಹಿಡಿದುಕೊಂಡು ಅತ್ತುಬಿಟ್ಟೆ. ಸಿಗರೇಟು ಮುಟ್ಟದೆ ಈಗ ಎಂಟು ತಿಂಗಳು. ನಾನು ಎಳೆಯುತ್ತಿರುವ ಈ ಉಸಿರು ನನ್ನ ಮಾವ ಕೊಟ್ಟದ್ದು.